ಮೇಲಿನ ಮಹಡಿ ಏಸಿ ಐಸ್ ಕಟ್ತಿದ್ದಿದ್ದು ಯಾಕೆ: ಟೆಕ್ಸಸ್ ಮನೆಯೊಂದರ ಪೂರ್ತಿ ಪ್ರಕರಣ

ಮೊದ್ಲು ಮನೆ ಹೆಂಗಿದೆ ಅಂತ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿಂದು ತಲೆಗೆ ಹೋಗಲ್ಲ. ಡಲ್ಲಾಸ್‌ಗೆ ಉತ್ತರಕ್ಕಿರೋ ಒಂದು ಸಬರ್ಬು, 2014ರಲ್ಲಿ ಕಟ್ಟಿದ ಎರಡು ಮಹಡಿ ಮನೆ, ನಮ್ಮ ಅಕ್ಕ ಭಾವಂದು. ಎರಡು ಸೆಂಟ್ರಲ್ ಏಸಿ ಇದೆ, ಕೆಳಗಡೆಗೆ ನಾಲ್ಕು ಟನ್ನು, ಮೇಲ್ಗಡೆಗೆ ಮೂರು ಟನ್ನು (ಒಂದು ಟನ್ ಅಂದ್ರೆ ಗಂಟೆಗೆ 12,000 ಬಿಟಿಯು ಶಾಖ ಎತ್ತಿ ಆಚೆ ಹಾಕೋ ತಾಕತ್ತು, ಮೆಷಿನ್ ತೂಕ ಅಲ್ಲ). ಎರಡೂ ಮನೆ ಕಟ್ಟಿದಾಗ ಹಾಕಿದ್ದೇ, ಒಳಗಿರೋ ತಂಪು ಮಾಡೋ ಗ್ಯಾಸು ಆರ್-410ಎ. ಕಾಟ ಕೊಟ್ಟಿದ್ದು ಮೇಲಿನ ಮಹಡಿದು, 2025ರ ಬೇಸಿಗೆಲಿ.

ಊರಲ್ಲಿ ಏಸಿ ಅಂದ್ರೆ ಗೋಡೆ ಮೇಲೊಂದು ಉದ್ದನೆ ಡಬ್ಬ, ಬಾಲ್ಕನಿಲಿ ಇನ್ನೊಂದು ಡಬ್ಬ, ರೂಮಿಗೊಂದು, ಮುಗೀತು. ಇಲ್ಲಿ ಸೆಂಟ್ರಲ್ ಅಂದ್ರೆ ಆಚೆ ಹಿತ್ತಲಲ್ಲಿ ಕಂಪ್ರೆಸರ್ ಇರೋ ಕಂಡೆನ್ಸರ್, ಮೇಲೆ ಆಟಿಕ್‌ನಲ್ಲಿ ಅಂದ್ರೆ ಸೀಲಿಂಗ್‌ಗೂ ಮಾಡಿಗೂ ಮಧ್ಯದ ಜಾಗದಲ್ಲಿ ಫರ್ನೇಸು, ಅದರ ಬ್ಲೋವರ್ ಫ್ಯಾನು, ಅದಕ್ಕಂಟಿಕೊಂಡು ತಣ್ಣಗಾಗೋ ಕಾಯಿಲ್ಲು. ಅಲ್ಲಿಂದ ಸಪ್ಲೈ ಡಕ್ಟ್‌ಗಳು ರೂಮ್ ರೂಮಿಗೆ ಹೋಗ್ತವೆ, ರೂಮಿನ ಬಿಸಿ ಗಾಳಿ ರಿಟರ್ನ್ ಗ್ರಿಲ್ ಮೂಲಕ ವಾಪಸ್ ಬ್ಲೋವರ್‌ಗೆ ಬರುತ್ತೆ. ಈ ವಾಪಸ್ ಬರೋ ದಾರಿನ ಯಾರೂ ಲೆಕ್ಕಕ್ಕೇ ಇಟ್ಕೊಳಲ್ಲ, ತಣ್ಣಗಿನ ಗಾಳಿ ಬರೋ ಕಡೆಗೇ ಎಲ್ಲರ ಕಣ್ಣು. ಈ ಮನೆಲಿ ಮೇಲ್ಗಡೆ ಎರಡು ರಿಟರ್ನ್ ಇವೆ, ಒಂದು ಹಾಲ್‌ವೇ ಸೀಲಿಂಗ್‌ನಲ್ಲಿ, ಇನ್ನೊಂದು ಗೇಮ್ ರೂಮಲ್ಲಿ, ಎರಡಕ್ಕೂ ಗ್ರಿಲ್ ಒಳಗೇ ಒಂದಿಂಚು ದಪ್ಪದ ಫಿಲ್ಟರು.

ತೊಂದ್ರೆ ಶುರುವಾಗಿದ್ದು ಮೇ ಕೊನೆಗೆ. ರಾತ್ರಿ ಮಲಗೋವಾಗ ತಣ್ಣಗೇ ಇರ್ತಿತ್ತು, ಬೆಳಗ್ಗೆ ಎದ್ದು ನೋಡಿದ್ರೆ ಮಕ್ಕಳ ರೂಮಿನ ವೆಂಟಲ್ಲಿ ಗಾಳಿನೇ ಇಲ್ಲ, ಫ್ಯಾನ್ ಓಡೋ ಸದ್ದು ಮಾತ್ರ. ಥರ್ಮೋಸ್ಟಾಟ್ 74 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟಿದ್ರೂ 79, 80 ತೋರಿಸ್ತಿತ್ತು (ಮುಂದಿನ ಡಿಗ್ರಿಗಳೂ ಫ್ಯಾರನ್‌ಹೀಟೇ). ಆಫ್ ಮಾಡಿ ಮಧ್ಯಾಹ್ನ ಹಾಕಿದ್ರೆ ಮತ್ತೆ ಸರಿ. ಭಾವ ಒಂದು ಕಂಪನಿ ಕರೆಸಿದ್ರು, ಹೆಸರು ಬೇಡ. ಬಂದ ಹುಡುಗ ಆಚೆ ಯೂನಿಟ್‌ಗೆ ಗೇಜ್ ಹಾಕಿ, ಸಕ್ಷನ್ ಪ್ರೆಷರ್ (ಕಾಯಿಲ್‌ನಿಂದ ಕಂಪ್ರೆಸರ್‌ಗೆ ವಾಪಸ್ ಬರೋ ಗ್ಯಾಸಿನ ಒತ್ತಡ) ಕಮ್ಮಿ ಇದೆ, ಗ್ಯಾಸ್ ಕಮ್ಮಿ ಆಗಿದೆ ಅಂತ ಹೇಳಿ ಒಂದೂವರೆ ಪೌಂಡ್ ಹಾಕಿ ಹೋದ. ಕಾಯಿಲ್ ಮೇಲಿದ್ದ ಐಸ್‌ನೂ ಕರಗಿಸಿದ್ದ, ಅದಂತೂ ಒಳ್ಳೆ ಕೆಲಸ. ಒಂದಷ್ಟು ದಿನ ಚೆನ್ನಾಗೇ ಓಡ್ತು. ಜೂನ್ ಮಧ್ಯಕ್ಕೆ ಬಿಸಿಲು ಏರಿ, ರಾತ್ರಿ ಸೆಟ್ಟಿಂಗ್‌ನ 70ಕ್ಕೆ ಇಳಿಸಿದ್ರೋ ಇಲ್ವೋ ಮತ್ತೆ ಅದೇ ರಾಗ. ಎರಡನೇ ಸಲ ಅದೇ ಕಂಪನಿಯಿಂದ ಬಂದೋರು ಟೂಲ್ ಬ್ಯಾಗ್ ಬದ್ಲು ಟ್ಯಾಬ್ಲೆಟ್ ಹಿಡ್ಕೊಂಡು ಬಂದ್ರು. ಕಾಯಿಲ್ ಲೀಕ್ ಇರ್ಬೇಕು, ಹತ್ತು ವರ್ಷದ ವಾರಂಟಿ ಮುಗೀತು, 410ಎ ಬೇರೆ ಬ್ಯಾನ್ ಆಗಿದೆ, ಹೊಸ ಸಿಸ್ಟಮ್ಮೇ ಹಾಕಿಸ್ಬಿಡಿ, ಹದಿನಾಲ್ಕು ಸಾವಿರ ಡಾಲರ್ ಚಿಲ್ಲರೆ, ಇವತ್ತೇ ಸೈನ್ ಮಾಡಿದ್ರೆ ಡಿಸ್ಕೌಂಟು.

ಈ ಬ್ಯಾನ್ ಮಾತು ಅರ್ಧ ಸತ್ಯ. 2025 ಜನವರಿ 1ರಿಂದ ಅಮೆರಿಕದಲ್ಲಿ ಮನೆಗೆ ಅಂತ ತಯಾರಾಗೋ ಹೊಸ ಸಿಸ್ಟಮ್‌ಗಳಿಗೆ 410ಎ ಹಾಕಂಗಿಲ್ಲ, ಆರ್-454ಬಿ ಇಲ್ಲಾ ಆರ್-32 ಬರ್ತಿದೆ, ಯಾಕಂದ್ರೆ 410ಎ ಭೂಮಿ ಬಿಸಿ ಮಾಡೋ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,088 ಪಟ್ಟು, ಹೊಸ ಮಿತಿ 700. ಆದ್ರೆ ಈಗಾಗ್ಲೇ ಮನೆಲಿರೋ ಸಿಸ್ಟಮ್ ಓಡಿಸೋದಕ್ಕಾಗ್ಲಿ ರಿಪೇರಿ ಮಾಡಿಸೋದಕ್ಕಾಗ್ಲಿ ಯಾರ ಅಡ್ಡಿನೂ ಇಲ್ಲ, ಗ್ಯಾಸೂ ಸಿಗುತ್ತೆ. ಹೆದರಿಸಿ ಮಾರೋದಕ್ಕೆ ಇದೊಂದು ಒಳ್ಳೆ ಸಾಮಾನು ಸಿಕ್ಕಿದೆ ಅಷ್ಟೆ.

ಭಾವ ಸೈನ್ ಮಾಡೋಕ್ ಮುಂಚೆ ನನಗೆ ಫೋನ್ ಮಾಡಿದ್ರು, ಪುಣ್ಯಕ್ಕೆ. ನಾನು ದೊಡ್ಡ ಬಿಲ್ಡಿಂಗ್‌ಗಳ ಏಸಿ ಕಂಟ್ರೋಲ್ಸ್ ಕೆಲಸದಲ್ಲಿರೋದು, ಮನೆ ಏಸಿಗೆ ಕೈ ಹಾಕೋ ಲೈಸೆನ್ಸ್ ನನ್ ಹತ್ರ ಇಲ್ಲ, ಗ್ಯಾಸ್ ಮುಟ್ಟೋಕೆ ಬೇಕಾದ, ಅಮೆರಿಕದ ಪರಿಸರ ಇಲಾಖೆಯ ಇಪಿಎ 608 ಸರ್ಟಿಫಿಕೇಟೂ ಇಲ್ಲ. ಆದ್ರೆ ಲೆಕ್ಕ ಒಂದೇ. "ಭಾವ, ಲೀಕ್ ಎಲ್ಲಿದೆ ಅಂತ ತೋರಿಸಿದ್ರಾ?" ಅಂತ ಕೇಳ್ದೆ. "ಇಲ್ಲಪ್ಪ, ಇರ್ಬೇಕು ಅಂದ್ರು" ಅಂದ್ರು. ಅಲ್ಲೇ ನನಗೆ ಅನುಮಾನ.

ಇಲ್ಲೊಂದು ಮಾತು ಹೇಳ್ಬೇಕು. ಬೆಂಗಳೂರಲ್ಲಿ ಬೇಸಿಗೆ ಬಂದ್ರೆ ಮೆಕ್ಯಾನಿಕ್ ಬರ್ತಾನೆ, ಗ್ಯಾಸ್ ಟಾಪ್‌ಅಪ್ ಮಾಡ್ತಾನೆ, ದುಡ್ಡು ಇಸ್ಕೊಂಡು ಹೋಗ್ತಾನೆ, ನಾವೂ ಅದು ಸ್ಕೂಟರ್‌ಗೆ ಪೆಟ್ರೋಲ್ ಹಾಕ್ಸಿದಂಗೆ ಅಂದ್ಕೊಂಡು ಅಭ್ಯಾಸ ಮಾಡ್ಕೊಂಡಿದೀವಿ. ಏಸಿ ಗ್ಯಾಸ್ ಖರ್ಚಾಗಲ್ಲ. ಪೂರ್ತಿ ಸೀಲ್ ಆಗಿರೋ ತಾಮ್ರದ ಪೈಪಲ್ಲಿ ಅದೇ ಗ್ಯಾಸ್ ಸುತ್ತು ಹಾಕ್ತಿರುತ್ತೆ, ಹನ್ನೊಂದು ವರ್ಷ ಆದ್ರೂ ಅಷ್ಟೇ ಇರ್ಬೇಕು. ಕಮ್ಮಿ ಆಗಿದ್ರೆ ಎಲ್ಲೋ ತೂತಿದೆ ಅಂತ ಅರ್ಥ, ತೂತು ಹುಡುಕದೆ ಗ್ಯಾಸ್ ಹಾಕೋದು ಕೆಲಸ ಅಲ್ಲ. ಇನ್ನು ಪ್ರೆಷರ್ ಕಮ್ಮಿ ತೋರಿಸಿದ ಮಾತ್ರಕ್ಕೆ ಗ್ಯಾಸ್ ಕಮ್ಮಿ ಅಂತಲೂ ಅಲ್ಲ, ಈ ಪ್ರಕರಣ ಪೂರ್ತಿ ನಿಂತಿರೋದೇ ಅದರ ಮೇಲೆ.

ಕಾಯಿಲ್ ಒಳಗೆ ದ್ರವವಾಗಿ ಬರೋ ಗ್ಯಾಸು ರೂಮಿನ ಗಾಳಿಯಿಂದ ಶಾಖ ಹೀರ್ಕೊಂಡು ಕುದೀತಿರುತ್ತೆ. ಸರಿಯಾಗಿದ್ರೆ ಆ ಕುದಿಯೋ ಉಷ್ಣಾಂಶ 40 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಗಾಳಿ ಕಮ್ಮಿ ಬಂದ್ರೆ ಹೀರೋಕೆ ಶಾಖ ಇಲ್ಲ, ಪ್ರೆಷರ್ ಇಳಿಯುತ್ತೆ, ಅದರ ಜೊತೆ ಉಷ್ಣಾಂಶನೂ ಇಳಿಯುತ್ತೆ, 32ಕ್ಕಿಂತ ಕೆಳಗೆ ಹೋದ ತಕ್ಷಣ ಗಾಳಿಲಿರೋ ತೇವ ಕಾಯಿಲ್ ಮೇಲೆ ಐಸ್ ಆಗುತ್ತೆ, ಐಸ್ ಕಟ್ಟಿದ್ರೆ ಗಾಳಿಗೆ ದಾರಿ ಇನ್ನೂ ಕಿರಿದು, ರೂಮ್ ತಣ್ಣಗಾಗಲ್ಲ ಅಂತ ಥರ್ಮೋಸ್ಟಾಟ್ ನಿಲ್ಲಿಸೋದೂ ಇಲ್ಲ, ಬೆಳಗ್ಗೆ ಹೊತ್ತಿಗೆ ಕಾಯಿಲ್ ಪೂರ್ತಿ ಬಿಳಿ ಗೋಡೆ. ಗ್ಯಾಸ್ ಕಮ್ಮಿ ಆದಾಗಲೂ ಕೊನೆಗೆ ಐಸೇ ಕಟ್ಟೋದು. ಅಂದ್ರೆ ಐಸು ಮತ್ತೆ ಕಮ್ಮಿ ಸಕ್ಷನ್ ಪ್ರೆಷರು, ಇವೆರಡೇ ನೋಡಿದ್ರೆ ಎರಡು ಕಾಯಿಲೆನೂ ಒಂದೇ ಥರ ಕಾಣ್ತವೆ. ಬೇರೆ ಮಾಡಿ ಹೇಳೋಕೆ ಇನ್ನೆರಡು ಅಳತೆ ಬೇಕು, ಸೂಪರ್‌ಹೀಟ್ (ಕಾಯಿಲ್‌ನಲ್ಲಿ ಕುದ್ದು ಆವಿಯಾದ ಗ್ಯಾಸು ಕುದಿಯೋ ಉಷ್ಣಾಂಶಕ್ಕಿಂತ ಎಷ್ಟು ಬಿಸಿಯಾಗಿದೆ ಅನ್ನೋದು) ಮತ್ತು ಸಬ್‌ಕೂಲಿಂಗ್ (ಆಚೆ ಯೂನಿಟ್‌ನಲ್ಲಿ ದ್ರವ ಆದ್ಮೇಲೆ ಅದು ಇನ್ನೆಷ್ಟು ತಣ್ಣಗಾಗಿದೆ ಅನ್ನೋದು). ಗ್ಯಾಸ್ ಕಮ್ಮಿ ಇದ್ರೆ ಸೂಪರ್‌ಹೀಟ್ ಜಾಸ್ತಿ, ಸಬ್‌ಕೂಲಿಂಗ್ ಕಮ್ಮಿ. ಗಾಳಿ ಕಮ್ಮಿ ಇದ್ರೆ ಸೂಪರ್‌ಹೀಟ್ ಕಮ್ಮಿ, ಸಬ್‌ಕೂಲಿಂಗ್ ಮಾಮೂಲು ಇಲ್ಲಾ ಜಾಸ್ತಿ. ಮೊದ್ಲು ಬಂದ ಹುಡುಗ ಬಿಟ್ಟುಹೋದ ಕಾಗದದಲ್ಲಿ ಇವೆರಡರ ಸುದ್ದಿನೇ ಇರ್ಲಿಲ್ಲ.

ಲೈಸೆನ್ಸ್ ಇಲ್ದೆ ಮನೆಯೋರೇ ಮಾಡ್ಬಹುದಾದ ಪರೀಕ್ಷೆನೂ ಒಂದಿದೆ, ಅದನ್ನ ಮೊದ್ಲು ಮಾಡಿಸ್ದೆ. ಥರ್ಮೋಸ್ಟಾಟ್‌ನಲ್ಲಿ ಕೂಲ್ ಆಫ್ ಮಾಡಿ ಫ್ಯಾನ್ ಮಾತ್ರ ಆನ್ ಇಟ್ಟು ಐಸ್ ಪೂರ್ತಿ ಕರಗೋವರ್ಗೂ ಬಿಡ್ಬೇಕು, ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತೆ. ಐಸ್ ಇರೋವಾಗ ತಗೊಂಡ ಯಾವ ಅಳತೆಗೂ ಬೆಲೆ ಇಲ್ಲ, ಅಷ್ಟೇ ಅಲ್ಲ, ಹಂಗೇ ಓಡಿಸಿದ್ರೆ ಕುದಿಯದ ದ್ರವ ಕಂಪ್ರೆಸರ್‌ಗೆ ವಾಪಸ್ ಹೋಗಿ ಅದನ್ನೇ ಹಾಳು ಮಾಡ್ಬಹುದು. ಆಮೇಲೆ ಏಸಿ ಹಾಕಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಅಡುಗೆಮನೆ ಥರ್ಮಾಮೀಟರ್‌ನ ರಿಟರ್ನ್ ಗ್ರಿಲ್ ಹತ್ರ ಒಂದ್ಸಲ, ಫರ್ನೇಸ್‌ಗೆ ಹತ್ರದ ವೆಂಟಲ್ಲಿ ಒಂದ್ಸಲ ಹಿಡೀಬೇಕು. ವ್ಯತ್ಯಾಸ ಸಾಮಾನ್ಯವಾಗಿ 16ರಿಂದ 22 ಡಿಗ್ರಿ. ಗಾಳಿಲಿ ತೇವ ತುಂಬಾ ಇದ್ರೆ ಸ್ವಲ್ಪ ಕಮ್ಮಿನೂ ಬರುತ್ತೆ. ಇಲ್ಲಿ ಬಂದಿದ್ದು 77 ಮತ್ತು 51, ಅಂದ್ರೆ 26. ಭಾವ ಖುಷಿಯಾಗಿ "ಏನಪ್ಪಾ, ಸಖತ್ ಕೂಲಿಂಗ್ ಇದ್ಯಲ್ಲ" ಅಂದ್ರು. ನಿಜ ಏನಂದ್ರೆ ಅದೇ ಕೆಟ್ಟ ಸುದ್ದಿ. ಗ್ಯಾಸ್ ಕಮ್ಮಿ ಇದ್ದಿದ್ರೆ ವ್ಯತ್ಯಾಸ ಹತ್ತೋ ಹನ್ನೆರಡೋ ಬರ್ಬೇಕಿತ್ತು. 26 ಬರ್ತಿದೆ ಅಂದ್ರೆ ಬರೋ ಸ್ವಲ್ಪ ಗಾಳಿನೇ ಕಾಯಿಲ್ ಹತ್ರ ಜಾಸ್ತಿ ಹೊತ್ತು ನಿಂತು ಅತಿಯಾಗಿ ತಣ್ಣಗಾಗ್ತಿದೆ.

ಅಷ್ಟೊತ್ತಿಗೆ ಅಮ್ಮ ಇನ್ನೊಂದು ಸುಳಿವು ಕೊಟ್ರು. ಅಪ್ಪ ಅಮ್ಮ ಊರಿಂದ ಬಂದು ಕೆಳಗಿನ ರೂಮಲ್ಲಿದ್ರು, ಆ ರೂಮಿನ ಕಿಟಕಿ ಮೇಲೆ ಮಾಡಿನ ಅಂಚಿಂದ ಒಂದು ಚಿಕ್ಕ ಪೈಪ್ ಆಚೆ ಬಂದಿದೆ, ಅದರಿಂದ ಮಧ್ಯಾಹ್ನ ಹೊತ್ತು ನೀರು ಸುರಿಯುತ್ತೆ ಅಂತ ಅಮ್ಮ ಅಲ್ಲೊಂದು ಬಕೆಟ್ ಇಟ್ಟು, ಆ ನೀರನ್ನ ಕರಿಬೇವಿನ ಗಿಡಕ್ಕೆ ಹಾಕ್ತಿದ್ರು. ಯಾರಿಗೂ ಹೇಳಿರ್ಲಿಲ್ಲ, ಹೇಳೋ ವಿಷಯ ಅನ್ನಿಸಿರ್ಲಿಲ್ಲ. ಆ ಪೈಪು ಕಿಟಕಿ ಮೇಲೆ ಇರೋದು ಬೇಕಂತಲೇ. ಕಾಯಿಲ್ ಕೆಳಗಿನ ಮಾಮೂಲು ಟ್ರೇ ನೀರು ಬೇರೆ ಪೈಪಲ್ಲಿ ಡ್ರೈನ್‌ಗೆ ಹೋಗುತ್ತೆ, ಅದು ಕಟ್ಕೊಂಡ್ರೋ ತುಂಬಿ ಹರಿದ್ರೋ ಕೆಳಗಿರೋ ಎರಡನೇ ಟ್ರೇಗೆ ಬೀಳುತ್ತೆ, ಆ ಎರಡನೇ ಟ್ರೇ ಪೈಪ್‌ನ ಜನರ ಕಣ್ಣಿಗೆ ಬೀಳೋ ಜಾಗದಲ್ಲೇ ಬಿಡ್ಬೇಕು ಅಂತ ಇಲ್ಲಿ ಬಿಲ್ಡಿಂಗ್ ಕೋಡ್ ಇದೆ. ಕಿಟಕಿ ಮೇಲಿಂದ ನೀರು ಬಿತ್ತು ಅಂದ್ರೆ ಮೇಲೇನೋ ಎಡವಟ್ಟಾಗಿದೆ ಅಂತ ಮನೆಯೋರಿಗೆ ಗೊತ್ತಾಗ್ಲಿ ಅಂತ. ಇಲ್ಲಿ ಐಸ್ ಒಂದೇ ಸಲಕ್ಕೆ ಕರಗಿ ಮೊದಲ ಟ್ರೇ ಮೀರಿ ಹರೀತಿತ್ತು. ಇದು ಗೊತ್ತಾಗದೆ ಎರಡನೇ ಟ್ರೇನೂ ಕಟ್ಕೊಂಡಿದ್ರೆ ಮಕ್ಕಳ ರೂಮಿನ ಸೀಲಿಂಗೇ ಕೆಳಗೆ ಬರ್ತಿತ್ತು.

ಮಿಕ್ಕಿದ್ದನ್ನ ಬೇಗ ಬೇಗ ತಳ್ಳಿಹಾಕಿದ್ವಿ. ಆಚೆ ಯೂನಿಟ್ ಫ್ಯಾನ್ ತಿರುಗ್ತಿತ್ತು, ಕಂಪ್ರೆಸರ್ ಓಡ್ತಿತ್ತು, ಅಂದ್ರೆ ಬೇಸಿಗೆಲಿ ಎಲ್ಲರ ಮನೇಲೂ ಕೆಟ್ಟು ಹೋಗೋ ಕೆಪ್ಯಾಸಿಟರ್ (ಮೋಟರ್ ತಿರುಗೋಕೆ ನೆರವಾಗೋ ಸಾಮಾನು) ಅಲ್ಲ. (ಆಚೆ ಯೂನಿಟ್ ಗುಂಯ್ ಅನ್ನುತ್ತೆ, ಫ್ಯಾನ್ ತಿರುಗಲ್ಲ ಅಂದ್ರೆ ಸಾಮಾನ್ಯವಾಗಿ ಅದೇ, ಸಾಮಾನು ಅಗ್ಗ, ಆದ್ರೆ ಕರೆಂಟ್ ತೆಗೆದ್ಮೇಲೂ ಅದರಲ್ಲಿ ಚಾರ್ಜ್ ಉಳ್ದಿರುತ್ತೆ, ಗೊತ್ತಿಲ್ದೆ ಕೈ ಹಾಕ್ಬೇಡಿ.) ಮೇಲ್ಗಡೆ ಖಾಲಿ ಇದ್ದ ಎರಡು ರೂಮಿನ ವೆಂಟ್‌ಗಳನ್ನ ಕರೆಂಟ್ ಉಳಿಯುತ್ತೆ ಅಂತ ಭಾವ ಮುಚ್ಚಿದ್ರು. ಮಗನಿಗೆ ಧೂಳಿನ ಅಲರ್ಜಿ ಅಂತ ವಸಂತದಲ್ಲಿ ಮರ್ವ್ 13 ಫಿಲ್ಟರ್ ಹಾಕಿದ್ರು, ಒಂದಿಂಚಿಂದು (ಮರ್ವ್ ಅಂದ್ರೆ ಫಿಲ್ಟರ್ ಎಷ್ಟು ಸಣ್ಣ ಧೂಳು ಹಿಡಿಯುತ್ತೆ ಅನ್ನೋ ಅಂಕಿ). ಹಾಲ್‌ವೇ ಗ್ರಿಲ್ಲಂತೂ ಏಸಿ ಬಂದಾಗೆಲ್ಲ ಶಿಳ್ಳೆ ಹೊಡೀತಿತ್ತು, ಗೇಮ್ ರೂಮ್ ಗ್ರಿಲ್ ಹತ್ರ ಟಿಶ್ಯೂ ಹಿಡಿದ್ರೆ ಅಲ್ಲಾಡೋದೇ ಇಲ್ಲ. ಒಂದು ಕಡೆ ಶಿಳ್ಳೆ, ಒಂದು ಕಡೆ ಮೌನ, ಇದನ್ನ ನೆನಪಿಟ್ಕೊಳಿ.

ಹೊಸ ಟೆಕ್ನಿಷಿಯನ್‌ನ ಹುಡುಕೋವಾಗ ಫೋನಲ್ಲೇ ಒಂದು ಪ್ರಶ್ನೆ ಕೇಳಿ ಅಂತ ಭಾವನಿಗೆ ಹೇಳಿಕೊಟ್ಟಿದ್ದೆ: "ಸ್ಟ್ಯಾಟಿಕ್ ಪ್ರೆಷರ್ ಅಳೀತೀರಾ?" ಟೆಕ್ಸಸ್‌ನಲ್ಲಿ ಏಸಿ ಕಾಂಟ್ರ್ಯಾಕ್ಟರ್‌ಗಳಿಗೆ ರಾಜ್ಯದ ಲೈಸೆನ್ಸ್ ಇರುತ್ತೆ, ನಂಬರ್ ವ್ಯಾನ್ ಮೇಲೇ ಬರೆದಿರ್ಬೇಕು, ಅದನ್ನ ನೋಡೋದು ಸರಿನೇ, ಆದ್ರೆ ಈ ಒಂದು ಪ್ರಶ್ನೆಗೆ ಬರೋ ಉತ್ತರ ಅದಕ್ಕಿಂತ ಜಾಸ್ತಿ ಹೇಳುತ್ತೆ. ಒಂದಿಬ್ಬರು ಏನದು ಅಂದ್ರು. ಒಬ್ಬರು ವಯಸ್ಸಾದೋರು, ಅಳೀದೆ ಹೆಂಗೆ ಹೇಳೋಕಾಗುತ್ತೆ ಅಂದ್ರು, ಅವರನ್ನೇ ಕರೆಸಿದ್ವಿ.

ಅವರು ಬಂದವರೇ ಗ್ಯಾಸ್ ಗೇಜ್ ಮುಟ್ಲೇ ಇಲ್ಲ. ಫರ್ನೇಸ್‌ಗೆ ಗಾಳಿ ಒಳಗೆ ಬರೋ ಕಡೆ ಒಂದು, ಆಚೆ ಹೋಗೋ ಕಡೆ ಒಂದು ಸಣ್ಣ ತೂತು ಮಾಡಿ ಗಾಳಿ ಒತ್ತಡ ಅಳೆಯೋ ಮಾನೋಮೀಟರ್ ಹಾಕಿದ್ರು. ಇದೇ ಸ್ಟ್ಯಾಟಿಕ್ ಪ್ರೆಷರ್, ಬ್ಲೋವರ್ ಎಷ್ಟು ಒದ್ದಾಡ್ತಿದೆ ಅಂತ ಹೇಳೋ ಅಳತೆ, ಯೂನಿಟ್ ಮೇಲಿನ ಲೇಬಲ್‌ನಲ್ಲಿ ಮಿತಿ 0.5 ಇಂಚು (ನೀರಿನ ಎತ್ತರದ ಲೆಕ್ಕದಲ್ಲಿ ಒತ್ತಡ) ಅಂತ ಇತ್ತು. ಬಂದಿದ್ದು 0.91. ಅದರಲ್ಲಿ ರೂಮುಗಳ ಕಡೆ 0.27, ರಿಟರ್ನ್ ಕಡೆ 0.64. ಅಂದ್ರೆ ಕತ್ತು ಹಿಸುಕ್ತಿರೋದು ವಾಪಸ್ ಬರೋ ದಾರಿಲಿ. ಟನ್‌ಗೆ 400ರಂತೆ ಮೂರು ಟನ್‌ಗೆ 1,200 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಬೇಕು, ಬ್ಲೋವರ್ ಟೇಬಲ್ ನೋಡಿದ್ರೆ ಇಲ್ಲಿ 800 ಬಂದ್ರೆ ಹೆಚ್ಚು.

ನಾವೆಲ್ಲ ಫಿಲ್ಟರ್ರೇ ಕಳ್ಳ ಅಂದ್ಕೊಂಡ್ವಿ. ಅವರು ಎರಡೂ ಫಿಲ್ಟರ್ ತೆಗೆಸಿ ಮತ್ತೆ ಅಳೆದ್ರು, ರಿಟರ್ನ್ ಕಡೆ 0.41ಕ್ಕೆ ಇಳೀತು ಅಷ್ಟೆ. ಫಿಲ್ಟರ್ರೇ ಇಲ್ದೆ ಖಾಲಿ ದಾರಿ ಅಷ್ಟು ತಿನ್ನಂಗಿಲ್ಲ. ಇಲ್ಲೇ ನನಗೆ ಆ ಮನುಷ್ಯರ ಮೇಲೆ ಗೌರವ ಬಂದಿದ್ದು, ಬೇರೆ ಯಾರಾದ್ರೂ ಆಗಿದ್ರೆ ಫಿಲ್ಟರ್ ಬದ್ಲಾಯಿಸಿ ಬಿಲ್ ಕೊಟ್ಟು ಹೋಗ್ತಿದ್ರು, ಒಂದಷ್ಟು ದಿನ ಸುಮ್ನಿದ್ದು ಆಗಸ್ಟ್‌ನಲ್ಲಿ ಮತ್ತೆ ಐಸ್ ಕಟ್ತಿತ್ತು. ಇವರು ಟಾರ್ಚ್ ಹಿಡ್ಕೊಂಡು ಗೇಮ್ ರೂಮ್ ಡಕ್ಟ್ ಜಾಡು ಹಿಡಿದು ಆಟಿಕ್ ಒಳಗೆ ಹೋದ್ರು. ಬೆಳಗ್ಗೆ ಬೆಳಗ್ಗೆನೇ ಕರೆಸಿದ್ದು ಅದಕ್ಕೇ, ಟೆಕ್ಸಸ್ ಬೇಸಿಗೆ ಮಧ್ಯಾಹ್ನ ಆಟಿಕ್ 130 ಡಿಗ್ರಿ ದಾಟುತ್ತೆ, ಮನುಷ್ಯ ನಿಲ್ಲೋ ಜಾಗ ಅಲ್ಲ.

ಅಲ್ಲಿತ್ತು ನೋಡಿ. ಸೂಟ್‌ಕೇಸ್‌ಗಳು. ಊರಿಗೆ ಹೋಗಿ ಬರೋರ ಮನೆ ಅಂದ್ಮೇಲೆ ಇದ್ದೇ ಇರ್ತವಲ್ಲ, 23 ಕೆಜಿ ಲೆಕ್ಕದ ದೊಡ್ಡ ದೊಡ್ಡವು, ಒಂದರ ಮೇಲೊಂದು, ಅದರ ಪಕ್ಕಕ್ಕೆ ದಸರಾ ಗೊಂಬೆಗಳ ಪೆಟ್ಟಿಗೆ, ಪಟ್ಟದ ಗೊಂಬೆ ಮಂಟಪ ಎಲ್ಲ ಸೇರಿ ಎತ್ತೋಕೆ ಇಬ್ಬರು ಬೇಕು. ಹಲಗೆ ಹಾಸಿರೋ ಜಾಗ ಸಾಲ್ದೆ ಪೆಟ್ಟಿಗೆ ಅಂಚಿಗೆ ಸರಿದು ಗೇಮ್ ರೂಮಿನ ರಿಟರ್ನ್ ಡಕ್ಟ್ ಮೇಲೇ ಕೂತಿತ್ತು. ಇಲ್ಲಿನ ಡಕ್ಟ್ ಅಂದ್ರೆ ತಗಡಲ್ಲ, ತಂತಿ ಸುರುಳಿ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಫೈಬರ್‌ಗ್ಲಾಸ್ ಸುತ್ತಿರೋ ಫ್ಲೆಕ್ಸ್ ಡಕ್ಟು, ಭಾರ ಬಿದ್ರೆ ಚಪ್ಪಟೆ. ಅದೂ ರಿಟರ್ನ್ ಡಕ್ಟ್ ಒಳಗೆ ಗಾಳಿ ಎಳೆಯೋದ್ರಿಂದ ಹೊರಗಿಂದ ಒತ್ತಿದ್ದು ಇನ್ನೂ ಒಳಕ್ಕೇ ಕುಸಿಯುತ್ತೆ. ಹಂಗಾಗಿ ಒಂದು ರಿಟರ್ನ್ ಹೆಚ್ಚುಕಮ್ಮಿ ಸತ್ತೇ ಹೋಗಿತ್ತು, ಪೂರ್ತಿ ಮಹಡಿ ಗಾಳಿ ಹಾಲ್‌ವೇಯ ಒಂದೇ ಮರ್ವ್ 13 ಫಿಲ್ಟರ್ ತೂರಿ ಬರ್ಬೇಕಿತ್ತು. ಶಿಳ್ಳೆ ಅಲ್ಲಿಂದಲೇ.

ಪೆಟ್ಟಿಗೆ ಮೇಲೆ ಹೋಗಿದ್ದು ಹಿಂದಿನ ದಸರಾ ಮುಗಿದ್ಮೇಲೆ. ಆಗ ಅಕ್ಕನಿಗೆ ನೆನಪಾಯ್ತು, ಚಳಿಗಾಲದಲ್ಲಿ ಮೇಲಿನ ಹೀಟರ್ ಸ್ವಲ್ಪ ಹೊತ್ತು ಓಡಿ ತಾನೇ ನಿಂತು ಮತ್ತೆ ಬರ್ತಿತ್ತು. ಅದೂ ಇದೇ ಕಾಯಿಲೆ, ಗಾಳಿ ಸಾಲ್ದೆ ಫರ್ನೇಸ್ ಅತಿ ಬಿಸಿಯಾದ್ರೆ ಲಿಮಿಟ್ ಸ್ವಿಚ್ ಉರಿ ಆರಿಸಿಬಿಡುತ್ತೆ. ಏಸಿ ಗ್ಯಾಸ್ ಲೀಕ್ ಆಗಿದ್ರೆ ಹೀಟರ್‌ಗೆ ಏನೂ ಆಗ್ಬಾರ್ದು, ಗ್ಯಾಸ್ ಉರಿಸೋ ಫರ್ನೇಸ್‌ಗೂ ಏಸಿ ಗ್ಯಾಸಿಗೂ ಸಂಬಂಧ ಇಲ್ಲ, ಎರಡಕ್ಕೂ ಸೇರಿರೋದು ಬ್ಲೋವರು ಮತ್ತು ಡಕ್ಟು ಮಾತ್ರ. ಚಳಿಗಾಲದ ಈ ಮಾತು ಮೊದ್ಲೇ ಯಾರಾದ್ರೂ ಕೇಳಿದ್ರೆ ಅರ್ಧ ಕೆಲಸ ಅಲ್ಲೇ ಮುಗೀತಿತ್ತು.

ಪೆಟ್ಟಿಗೆ ಸರಿಸಿ, ಜಜ್ಜಿ ಹೋಗಿದ್ದ ಡಕ್ಟ್ ತುಂಡನ್ನ ಹೊಸದು ಹಾಕಿ ನೇರ ಮಾಡಿ, ಅಗಲ ಪಟ್ಟಿಲಿ ತೂಗು ಹಾಕಿದ್ರು. ತಾತ್ಕಾಲಿಕಕ್ಕೆ ಮರ್ವ್ 8 ಫಿಲ್ಟರು, ಮುಚ್ಚಿದ್ದ ವೆಂಟೆಲ್ಲ ತೆಗೆಸಿದ್ರು. ವೆಂಟ್ ಮುಚ್ಚಿದ್ರೆ ಕರೆಂಟ್ ಉಳಿಯಲ್ಲ, ಮೂರು ಟನ್ ಕಂಪ್ರೆಸರ್ ಮೂರು ಟನ್ನೇ ಓಡುತ್ತೆ, ಗಾಳಿ ದಾರಿ ಮಾತ್ರ ಇನ್ನಷ್ಟು ಕಟ್ಟುತ್ತೆ. ಮತ್ತೆ ಅಳೆದ್ರೆ 0.54, ಹೊಸ ಮನೆ ಅಲ್ಲ, ಪರ್ವಾಗಿಲ್ಲ.

ಅದಾದ್ಮೇಲೇ ಗೇಜ್ ಆಚೆ ತೆಗೆದಿದ್ದು. ಏನೂ ಮುಟ್ಟೋಕ್ ಮುಂಚಿನ ಗೇಜ್ ಲೆಕ್ಕ ನಮ್ಮತ್ರ ಇಲ್ಲ, ಆದ್ರೆ ಗಾಳಿ ಸರಿಮಾಡಿದ್ಮೇಲೆ ಕಾಯಿಲ್ ಉಷ್ಣಾಂಶ ಸುಮಾರು 42 ಡಿಗ್ರಿ ಬಂತು, ಸಬ್‌ಕೂಲಿಂಗ್ 17 ಡಿಗ್ರಿ. ಯೂನಿಟ್ ಮೇಲೆ ಬರೆದಿದ್ದು 10. ಅಂದ್ರೆ ಗ್ಯಾಸ್ ಕಮ್ಮಿ ಅಲ್ಲ, ಜಾಸ್ತಿ. ಮೊದ್ಲು ಬಂದ ಹುಡುಗ ತುಂಬಿರೋ ಕೊಡಕ್ಕೇ ಒಂದೂವರೆ ಪೌಂಡ್ ಸುರಿದಿದ್ದ. ಅವತ್ತು ಸುಧಾರಿಸಿದ್ದು ಐಸ್ ಕರಗಿಸಿದ್ದಕ್ಕೆ, ಗ್ಯಾಸಿಂದಲ್ಲ. ಜಾಸ್ತಿ ಇರೋದನ್ನ ಗಾಳಿಗೆ ಬಿಡೋದು ಅಮೆರಿಕದ ಕಾನೂನಲ್ಲಿ ಅಪರಾಧ, ಹಂಗಾಗಿ ರಿಕವರಿ ಮೆಷಿನ್ನಿಂದ ಸಿಲಿಂಡರ್‌ಗೆ ಎಳ್ಕೊಂಡು 10ಕ್ಕೆ ತಂದು ನಿಲ್ಲಿಸಿದ್ರು. ಕಾಯಿಲ್ ಸುತ್ತ, ಸರ್ವಿಸ್ ವಾಲ್ವ್ ಹತ್ರ ಲೀಕ್ ಡಿಟೆಕ್ಟರ್ ಆಡಿಸಿದ್ರು, ಏನೂ ಸಿಗ್ಲಿಲ್ಲ. ಅಡುಗೆಮನೆ ಥರ್ಮಾಮೀಟರ್ ಲೆಕ್ಕ ಈಗ 19. ಎಲ್ಲ ಸೇರಿ ಬಿಲ್ ಆರುನೂರು ಡಾಲರ್ ಒಳಗೇ.

ಮೇಂಟೆನೆನ್ಸ್ ವಿಷ್ಯದಲ್ಲಿ ಅವರು ಹೇಳಿದ್ದು ಜಾಸ್ತಿ ಏನಿಲ್ಲ. ಡ್ರೈನ್ ಪೈಪಿಗೆ ಫರ್ನೇಸ್ ಹತ್ರ ಇರೋ ಬಾಯಿಂದ ಆಗಾಗ ಒಂದು ಲೋಟ ಬಿಳಿ ವಿನೆಗರ್ ಹಾಕಿದ್ರೆ ಒಳಗೆ ಲೋಳೆ ಕಟ್ಟಲ್ಲ, ಆಚೆ ಯೂನಿಟ್‌ನ ಕರೆಂಟ್ ತೆಗೆದು ಮಾಮೂಲು ಹೋಸ್‌ಪೈಪಲ್ಲಿ ಮೆಲ್ಲಗೆ ತೊಳೀಬಹುದು, ಪ್ರೆಷರ್ ವಾಷರ್ ಬೇಡ, ತೆಳ್ಳನೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಳ್ತವೆ. ಎರಡನೇ ಟ್ರೇಗೆ ಒಂದು ಫ್ಲೋಟ್ ಸ್ವಿಚ್ ಹಾಕಿಸಿದ್ವಿ, ನೀರು ತುಂಬಿದ್ರೆ ತಾನೇ ಏಸಿ ನಿಲ್ಲಿಸುತ್ತೆ. ಅಮ್ಮನ ಕರಿಬೇವಿಗೆ ಈಗ ನಲ್ಲಿ ನೀರೇ ಗತಿ.

ಮಗನ ಅಲರ್ಜಿಗೆ ಮರ್ವ್ 13 ಬೇಕೇ ಬೇಕು ಅಂತ ಅಕ್ಕ ಹಠ ಮಾಡಿದ್ರು, ಅದು ತಪ್ಪೂ ಅಲ್ಲ. ಅದಕ್ಕೆ ದಾರಿ ನಾಲ್ಕಿಂಚು ದಪ್ಪದ ಫಿಲ್ಟರು, ಮಡಿಕೆ ಆಳ ಇರೋದ್ರಿಂದ ಗಾಳಿ ಹೋಗೋಕೆ ಜಾಗ ಹೆಚ್ಚು, ತಡೆ ಕಮ್ಮಿ. ಫರ್ನೇಸ್ ಪಕ್ಕ ಅದಕ್ಕೊಂದು ಪೆಟ್ಟಿಗೆ ಕೂರಿಸಿ ಗ್ರಿಲ್‌ಗಳ ಫಿಲ್ಟರ್ ಪೂರ್ತಿ ತೆಗೀಬೇಕು, ಎರಡೂ ಕಡೆ ಹಾಕಿದ್ರೆ ಮತ್ತೆ ಅದೇ ಕಥೆ. ಅದನ್ನ ಜುಲೈನಲ್ಲಿ ಹಾಕಿಸಿದ್ರು. ಪಶ್ಚಿಮದ ರೂಮು ಮಾತ್ರ ಸಂಜೆ ಹೊತ್ತು ಇನ್ನೂ ಮೂರು ಡಿಗ್ರಿ ಬಿಸಿ ಇರುತ್ತೆ, ಅಲ್ಲಿಗೆ ಹೋಗೋ ಸಪ್ಲೈ ಡಕ್ಟ್ ಸಣ್ಣದಾಯ್ತು ಅಂತ ಆ ಟೆಕ್ನಿಷಿಯನ್ ಅಭಿಪ್ರಾಯ, ಬಿಸಿಲು ಇಳಿದ್ಮೇಲೆ ನವೆಂಬರ್‌ನಲ್ಲಿ ಆಟಿಕ್‌ಗೆ ಹತ್ತಿ ಅದನ್ನ ಬದ್ಲಾಯಿಸೋದು ಅಂತಾಗಿದೆ. ಗೊಂಬೆ ಪೆಟ್ಟಿಗೆ ಸದ್ಯಕ್ಕೆ ಗ್ಯಾರೇಜಲ್ಲಿ.